ಡ್ರೈ ಬಾಲ್ಕನಿಯ ಬಚ್ಚಲು

ಜನವರಿ 19, ಭಾನುವಾರ

ಕಣ್ಣು ಬಿಡುವ ಮೊದಲೇ ಸಂಭಾಜಿನಗರದಿಂದ ನನ್ನ ಗಂಡನ ಅಣ್ಣ ಶಿವರಾಯ ಭಾವನ ಫೋನು. ಇವರ ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರಂತೆ. ಪುಣ್ಯಕ್ಕೆ ಎಲುಬು ಮುರಿದಿಲ್ಲ, ಮೊಣಕಾಲು ಊದಿದೆ, ಕೋಲು ಹಿಡಿದೇ ಓಡಾಡಬೇಕಂತೆ. ಭಾವನ ಹೆಂಡತಿ ಈರಮ್ಮ ಅಕ್ಕನಿಗೆ ತವರಿನಲ್ಲಿ ಮದುವೆಯ ಗಡಿಬಿಡಿ. ಹಾಗಾಗಿ ಫೆಬ್ರವರಿಯಲ್ಲಿ ಒಂದು ತಿಂಗಳ ಮಟ್ಟಿಗೆ ಅವ್ವನನ್ನು ನಾಶಿಕಕ್ಕೆ ಕಳಿಸುತ್ತಾರಂತೆ. ಕಳಿಸಲೇ ಎಂದು ಕೇಳಲಿಲ್ಲ, ಕಳಿಸುತ್ತೇವೆ ಎಂದರು. ಇವರು ಹೂಂ ಹೂಂ ಎಂದು ತಲೆಯಾಡಿಸಿ, ನನ್ನ ಮುಖ ನೋಡದೆ ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದರು. ಜಾಣರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರ ತಾಯಿ ನನ್ನ ಮನೆಯಲ್ಲಿ ಎರಡು ರಾತ್ರಿಯ ಮೇಲೆ ಉಳಿದಿಲ್ಲ. ಬಂದಾಗಲೆಲ್ಲ ಇಲ್ಲಿಯ ನೀರು ಒಗ್ಗುವುದಿಲ್ಲ ಎಂಬ ಒಂದೇ ಮಾತು. ಗೋದಾವರಿಯ ದಂಡೆಯ ಮೇಲೆ ಕುಳಿತು ನೀರು ಒಗ್ಗುವುದಿಲ್ಲ ಎನ್ನುವವರಿಗೆ ಏನು ಹೇಳುವುದು? ನನ್ನಪ್ಪ ಭಾಲ್ಕಿಯಿಂದ ಪಂಚವಟಿಗೆ ಬಂದು ಕಿರಾಣಿ ಅಂಗಡಿ ಇಟ್ಟವರು, ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಅಷ್ಟಕ್ಕೇ ನಾನು ಅವರಿಗೆ ಇವತ್ತಿಗೂ 'ನಾಶಿಕದಾಕಿ'. ಹೆಸರು ಹಿಡಿದು ಕರೆದರೂ ಪೂರ್ತಿ 'ಮಂಜುಶ್ರೀ' ಎಂದೇ, ಶಾಲೆಯ ಹಾಜರಿ ಕರೆದ ಹಾಗೆ.

ಬರಲಿ. ಈ ಸಲ ಹೆಸರಿಡಲು ಒಂದು ಸಂದು ಸಿಗದ ಹಾಗೆ ಮಾಡುತ್ತೇನೆ.

ಜನವರಿ 24, ಶುಕ್ರವಾರ

ನಮ್ಮ ಬಾತ್‌ರೂಮಿನಲ್ಲಿ ಬಾಗಿಲು ಮುಚ್ಚಬೇಕಾದರೆ ಮೊದಲು ಬಕೆಟ್ ಸರಿಸಬೇಕು. ಕಿಟಕಿಯ ಮೇಲೆ ಶಾಂಪೂ, ಎಣ್ಣೆ, ಫಿನಾಯಿಲು ಒಂದರ ಹೆಗಲ ಮೇಲೊಂದು. ಪಕ್ಕದಲ್ಲೇ ಗೋಡೆಯಾಚೆ ಸಂಡಾಸ, ಅದೂ ಅಷ್ಟೇ ಇಕ್ಕಟ್ಟು. ಕೋಲು ಹಿಡಿದ ಮುದುಕಿ ಎರಡರಲ್ಲೂ ತಿರುಗಲಾರರು. ಈ ವರ್ಷ ಇವರಿಗೆ ಸಿನ್ನರ್ ಕಾರ್ಖಾನೆಯಲ್ಲಿ ಓವರ್‌ಟೈಮ್ ಬಂದ್, ಮಗಳು ಪುಣೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅಂದರೆ ಕೈ ಬಿಗಿ ಹಿಡಿದೇ ಮಾಡಬೇಕು.

ವಾರವಿಡೀ ನಾನು ಕೆಲಸ ಮಾಡುವ ಲ್ಯಾಬಿನ ಕೌಂಟರಿನಲ್ಲಿ ಪೇಶಂಟು ಇಲ್ಲದಾಗ ಮೊಬೈಲಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ಎಲ್ಲರೂ ಹೇಳುವುದು ಒಂದೇ: ನಡುವಿನ ಗೋಡೆ ತೆಗೆಯಿರಿ, ಎರಡೂ ಒಂದಾದರೆ ಜಾಗ ತಾನಾಗಿಯೇ ಬರುತ್ತದೆ. ನನ್ನ ತಲೆಯಲ್ಲಿ ದೀಪ ಹತ್ತಿತು. ಇಂಡಿ ಕಡೆಯ ಗೌಂಡಿ ಮಾಳಪ್ಪನನ್ನು ಕರೆಸಿದೆ. ಅವನು ಯಾವುದಕ್ಕೂ ಇಲ್ಲ ಎನ್ನುವ ಮನುಷ್ಯನಲ್ಲ. ಒಡೆಯಬಹುದೇ ಎಂದರೆ ಹೌದ್ರಿ ಎಂದ, ಒಡೆಯದಿದ್ದರೆ ಎಂದರೆ ಅದಕ್ಕೂ ಹೌದ್ರಿ ಎಂದ. ಒಡೆಯುವುದೆಂದೇ ಆಯಿತು.

ಫೆಬ್ರವರಿ 4, ಮಂಗಳವಾರ

ಮುಗಿಯಿತು! ನನ್ನ ಬಾತ್‌ರೂಮಿನ ಬಾಗಿಲಲ್ಲಿ ನಿಂತು ನಾನೇ ಅರ್ಧ ಗಂಟೆ ನೋಡಿದೆ.

ಗೋಡೆ ಹೋಗಿದೆ. ಮೊಣಕಾಲಿನವರಿಗೆಂದು ಕುರ್ಚಿಯಂತೆ ಕೂರುವ ಕಮೋಡು ಬಂದಿದೆ. ಮುಚ್ಚಳದ ಬಣ್ಣ ಒಂದಿಷ್ಟು ಬೇರೆ ಎಂದು ಅಂಗಡಿಯವನು ಕಡಿಮೆಗೆ ಕೊಟ್ಟ. ಟೈಲ್ಸುಗಳು ಬೇರೆ ಬೇರೆ ಲಾಟಿನಲ್ಲಿ ಉಳಿದಿದ್ದವನ್ನು ಅಗ್ಗಕ್ಕೆ ತಂದದ್ದು, ಹಾಗಾಗಿ ಒಂದು ಗೋಡೆ ತಿಳಿನೀಲಿ, ಒಂದು ಕೆನೆ ಬಣ್ಣ. ಬೇಕೆಂದೇ ಹಾಕಿಸಿದ್ದು ಎಂದರೆ ಯಾರಾದರೂ ನಂಬುತ್ತಾರೆ. ಮೂಲೆಗೆ ಕಟ್ಟೆ, ಬಾಗಿಲ ಹಿಂದೆ ಕೊಕ್ಕೆ, ಬಕೆಟ್ಟಿಗೆ ಅದರದೇ ಜಾಗ. ಸಂಡಾಸದ ಹಳೆಯ ಬಾಗಿಲು ಮಾತ್ರ ಅನಾಥವಾಗಿ ಪ್ಯಾಸೇಜಿನಲ್ಲಿ ನಿಂತಿದೆ, ಗುಜರಿಯವನು ಬರಬೇಕು.

ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿದೆ. ಈರಮ್ಮ ಅಕ್ಕ ಎರಡು ತಾಸು ಏನೂ ಬರೆಯಲಿಲ್ಲ. ಆಮೇಲೆ 'ಮಸ್ತ್' ಎಂದು ಬರೆದಳು. ಆ ಎರಡು ತಾಸಿನಲ್ಲೇ ನನಗೆ ಬೇಕಾದ ಉತ್ತರ ಸಿಕ್ಕಿತು.

ಫೆಬ್ರವರಿ 9, ಭಾನುವಾರ

ಸಂಭಾಜಿನಗರಕ್ಕೆ ಹೋಗಿ ಇವರ ತಾಯಿಯನ್ನು ಕರೆದುಕೊಂಡು ಬಂದೆವು. ನಾವು ಹೋದಾಗ ಅವರು ಪೂಜೆಗೆ ಕುಳಿತಿದ್ದರು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡರೆ ಮನೆಗೆ ಬೆಂಕಿ ಬಿದ್ದರೂ ಏಳುವವರಲ್ಲ. ನಮ್ಮ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪೂಜೆ ಮುಗಿಸಿ ಬಂದು ಶೇಂಗಾ ಚಟ್ನಿಪುಡಿಯ ಹಿಂಡಿ ಹಚ್ಚಿಕೊಂಡು ಎರಡು ಜೋಳದ ಭಕ್ರಿ ಕಟಕಟ ತಿಂದರು. ಕಾಲು ಕುಂಟಿದರೂ ಹೊಟ್ಟೆ ಗಟ್ಟಿ ಇದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅವರು ಬಿದ್ದ ಬಚ್ಚಲನ್ನೂ ನೋಡಿದೆ. ಉದ್ದ, ಕತ್ತಲೆ, ಪಾಚಿ ಕಟ್ಟಿದೆ. ಸಂಡಾಸ ಹಿತ್ತಿಲಿನಲ್ಲಿ. ನನ್ನ ಬಾತ್‌ರೂಮಿನ ಮುಂದೆ ಇದೇನು!

ಬಸ್ಸಿನಲ್ಲಿ ಅವರು ದಾರಿಯುದ್ದಕ್ಕೂ ಇವರ ಜೊತೆ ಮಾತಾಡಿದರು. ನನ್ನ ಪಾಲಿಗೆ ಬಂದದ್ದು ಚೀಲ ಹಿಡಿಯುವ ಕೆಲಸ. ಮನೆಗೆ ಬಂದವಳೇ ಬಾತ್‌ರೂಮಿನ ದೀಪ ಹಾಕಿ ತೋರಿಸಿದೆ. ಹೊಸ್ತಿಲಲ್ಲಿ ನಿಂತು ಒಂದು ಸುತ್ತು ನೋಡಿ, ಛಂದ ಅದ ಎಂದರು. ಅಷ್ಟೇ. ಒಳಗೆ ಕಾಲಿಡಲೂ ಇಲ್ಲ.

ಫೆಬ್ರವರಿ 11, ಮಂಗಳವಾರ

ಗೀಜರ್ ಹಾಕಿ ಕೊಡುತ್ತೇನೆ, ಒಳಗೆ ಸ್ಟೂಲು ಇಟ್ಟಿದ್ದೇನೆ. ಬೆಳಿಗ್ಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ, ನೀರು ಸುರಿಯುವ ಸಪ್ಪಳ ಕೇಳುತ್ತದೆ, ಬರುತ್ತಾರೆ. ಯಾರೂ ಹತ್ತಿರ ಬರಬಾರದು ಎಂದು ಮೊದಲೇ ಹೇಳಿದ್ದಾರೆ. ಆಮೇಲೆ ತಟ್ಟೆ ಮುಂದಿಟ್ಟರೆ ಹಸಿವಿಲ್ಲ. ಒಂದು ಬಾಳೆಹಣ್ಣು, ಒಂದು ಲೋಟ ಹಾಲು. ನಿನ್ನೆಯೂ ಹಾಗೆಯೇ. ಸಂಭಾಜಿನಗರದಲ್ಲಿದ್ದ ಹಸಿವು ಬಸ್ಸಿನಲ್ಲೇ ಉಳಿಯಿತೇ?

ಫೆಬ್ರವರಿ 13, ಗುರುವಾರ

ಎಣ್ಣೆಗಾಯಿ ಮಾಡಿದೆ. ಮುಟ್ಟಲಿಲ್ಲ.

ಫೆಬ್ರವರಿ 15, ಶನಿವಾರ

ಇವತ್ತು ಬಾಯಿಬಿಟ್ಟು ಕೇಳಿಯೇಬಿಟ್ಟೆ, ನನ್ನ ಕೈಯಡುಗೆ ಸೇರುವುದಿಲ್ಲವೇ ಎಂದು. ಹಂಗೇನಿಲ್ಲ ಎಂದು ಗೋಡೆ ನೋಡಿದರು. ಇವರಿಗೆ ಹೇಳಿದರೆ, ವಯಸ್ಸಾಯಿತು, ಜಾಗ ಬದಲಾಯಿತು, ಬಿಡು ಎಂದರು. ಇವರದು ಯಾವತ್ತೂ ಬಿಡುವುದೇ. ಇಷ್ಟು ವರ್ಷ ನನ್ನ ಮನೆಯ ನೀರು ಒಗ್ಗಲಿಲ್ಲ, ಈಗ ಅನ್ನವೂ ಒಗ್ಗುವುದಿಲ್ಲ. ತಿಂಗಳು ಮುಗಿದು ಹೋಗುವಾಗ ಸೊರಗಿ ಹೋದರೆ ಈರಮ್ಮ ಅಕ್ಕನ ಬಾಯಿಗೆ ನಾನೇ ಎಲೆಅಡಿಕೆ. ಬಹಳ ಸಿಟ್ಟು ಬಂದಿದೆ. ಅವರ ಕುಪ್ಪಸ ತೋಳಿನಲ್ಲಿ ಸಡಿಲ ಕಾಣುತ್ತಿದೆ, ಅದನ್ನು ನೋಡಿ ಇನ್ನೂ ಸಿಟ್ಟು.

ಫೆಬ್ರವರಿ 17, ಸೋಮವಾರ

ಲ್ಯಾಬಿನಲ್ಲಿ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಮಧ್ಯಾಹ್ನವೇ ಮನೆಗೆ ಬಂದೆ. ಕೋಣೆಯಲ್ಲಿ ಅತ್ತೆ ಇಲ್ಲ, ಬಾತ್‌ರೂಮು ಖಾಲಿ. ಅಡುಗೆಮನೆಯ ಹಿಂದಿನ ಡ್ರೈ ಬಾಲ್ಕನಿಯಲ್ಲಿ ನೀರಿನ ಸಪ್ಪಳ. ಅಲ್ಲಿ ಇರುವುದು ಪಾತ್ರೆ ತೊಳೆಯುವ ಮೋರಿ ಮತ್ತು ವಾಷಿಂಗ್ ಮಷಿನ್, ಅಷ್ಟೇ. ಹೋಗಿ ನೋಡಿದರೆ ಗ್ರಿಲ್ಲಿಗೆ ನನ್ನ ಹಳೆಯ ಚಾದರ ಕಟ್ಟಿದೆ. ಮಷಿನ್ನಿಗೂ ಗೋಡೆಗೂ ನಡುವೆ ಅತ್ತೆ, ಎದೆಯ ಮೇಲೆ ಲಂಗ ಕಟ್ಟಿಕೊಂಡು, ಊದಿದ ಕಾಲು ಚಾಚಿಕೊಂಡು, ತಂಬಿಗೆಯಿಂದ ತಣ್ಣೀರು ಹೊಯ್ದುಕೊಳ್ಳುತ್ತಿದ್ದಾರೆ. ಗಾಳಿಗೆ ಚಾದರ ಎದ್ದೆದ್ದು ಬೀಳುತ್ತಿದೆ. ಎದುರು ಬಿಲ್ಡಿಂಗಿನ ಮೆಟ್ಟಿಲ ಮೇಲೆ ಇಬ್ಬರು ನಿಂತಿದ್ದರು.

ನನಗೆ ಮೈಮೇಲೆ ಎಚ್ಚರ ಇರಲಿಲ್ಲ. ನಿಮಗೆಂದೇ ಮನೆ ಒಡೆದು ಬಾತ್‌ರೂಮು ಮಾಡಿಸಿದರೆ ಬೀದಿಯವರ ಮುಂದೆ ಕುಳಿತು ನಮ್ಮ ಮರ್ಯಾದೆ ತೆಗೆಯುತ್ತೀರಾ ಎಂದು ಕೂಗಾಡಿದೆ. ಅವರು ಎರಡೂ ಕೈಯಿಂದ ಮೈ ಮುಚ್ಚಿಕೊಂಡು, ಒಳಗೆ ಹೋಗು, ಸೀರೆ ಉಟ್ಟು ಬರುತ್ತೇನೆ ಎಂದರು.

ಬಂದು ಕುಳಿತರು. ಚಳಿಗೆ ತುಟಿ ನೀಲಿಗಟ್ಟಿತ್ತು.

"ಮಂಜುಶ್ರೀ, ನೀ ಮಾಡ್ಸಿದ್ದು ಛಂದೇ ಅದ. ಆದ್ರ ಅಲ್ಲಿ ಎದುರಿಗೇ ಸಂಡಾಸ ಅದ. ನನ್ನ ಕೊರಳಾಗ ಲಿಂಗ ಅದ. ಅದರ ಮುಂದ ಕುಂತು ನಾ ಹೆಂಗ ಜಳಕ ಮಾಡ್ಲಿ?"

ಜಳಕವಿಲ್ಲದೆ ಅವರು ಲಿಂಗವನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಪೂಜೆಯಾಗದೆ ಊಟ ಮುಟ್ಟುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎನ್ನಲೇ? ನನ್ನ ಅಜ್ಜಿಯೂ ಹೀಗೆಯೇ ಇದ್ದಳು. ನನ್ನ ಲಿಂಗ ಮದುವೆಯ ಕಾಲದಿಂದ ದೇವರ ಗೂಡಿನ ಸ್ಟೀಲ್ ಡಬ್ಬಿಯಲ್ಲಿದೆ, ಹಬ್ಬಕ್ಕೊಮ್ಮೆ ತೆಗೆದು ವಿಭೂತಿ ಹಚ್ಚಿ ಮತ್ತೆ ಮುಚ್ಚಿಡುತ್ತೇನೆ. ಹಾಗಿರುವಾಗ ಗೋಡೆ ಒಡೆಸುವ ಹೊತ್ತಿಗೆ ನನಗೆ ಇದೆಲ್ಲಿ ನೆನಪಾಗಬೇಕು.

ಮತ್ತೆ ದಿನಾ ನೀರಿನ ಸಪ್ಪಳ ಕೇಳುತ್ತಿತ್ತಲ್ಲ ಎಂದೆ.

"ನೆಲಕ್ಕ ಸುರೀತಿದ್ದೆ. ಅಷ್ಟು ಹೌಸಿಲೆ ಮಾಡ್ಸಿದಿ, ನಿನಗ ಬ್ಯಾಸರ ಆಗಬಾರದಂತ. ಒದ್ದಿ ಅರಿವಿಲೆ ಮೈ ಒರಸ್ಕೊಂಡು ಬರ್ತಿದ್ದೆ. ಇವತ್ತ ಸೋಮವಾರ, ತಡಕೊಳ್ಳಾಕ ಆಗ್ಲಿಲ್ಲ."

ಅವರು ಪೂಜೆಗೆ ಕುಳಿತರು. ನಾನು ಒಲೆ ಹಚ್ಚಿ ಭಕ್ರಿ ಬಡಿದೆ. ಎರಡು ತಿಂದರು, ಮೂರನೆಯದಕ್ಕೂ ಬೇಡವೆನ್ನಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡು ನಾನು ಅತ್ತುಬಿಟ್ಟೆ. ಅಷ್ಟು ದಿನ ಹಸಿದುಕೊಂಡು ನನ್ನ ಬಾತ್‌ರೂಮನ್ನು ಛಂದ ಅದ ಎನ್ನುತ್ತಿದ್ದರಲ್ಲ, ಅದು ತಡೆದುಕೊಳ್ಳಲಾಗಲಿಲ್ಲ.

ಕೈ ತೊಳೆದುಕೊಂಡು ಒಂದು ಮಾತು ತೆಗೆದುಕೊಂಡರು: ಗಂಡುಮಕ್ಕಳಿಬ್ಬರಿಗೂ ಹೇಳಬಾರದು. ಕೇಳಿದರೆ ನಿನ್ನ ಗಂಡ ರವಿಕಾಂತ ನಿನ್ನ ಮೇಲೆ ಹರಿಹಾಯುತ್ತಾನೆ ಎಂದರು. ಆಯಿತು ಎಂದೆ.

ಫೆಬ್ರವರಿ 18, ಮಂಗಳವಾರ

ಬೆಳಿಗ್ಗೆ ಇವರು ಸಿನ್ನರ್ ಬಸ್ಸು ಹತ್ತಿದ ಮೇಲೆ ಬಾಲ್ಕನಿಯಲ್ಲಿ ಬಿಸಿನೀರು ಇಟ್ಟು, ಚಾದರದ ಎರಡೂ ತುದಿ ಹಿಡಿದು, ಅವರಿಗೆ ಬೆನ್ನು ಮಾಡಿ ನಿಂತೆ. ಎದುರು ಮೆಟ್ಟಿಲಿನವರು ನನ್ನನ್ನೇ ನೋಡಿದರು. ನಾನೂ ಅವರನ್ನೇ ನೋಡಿದೆ. ಅವರೇ ಒಳಗೆ ಹೋದರು. ಲ್ಯಾಬಿಗೆ ತಡವಾಯಿತು, ಬೈಸಿಕೊಂಡೆ.

ಎಷ್ಟು ದಿನ ಚಾದರ ಹಿಡಿದು ನಿಲ್ಲಲಿ? ಬಾಲ್ಕನಿಯನ್ನೇ ಬಚ್ಚಲು ಮಾಡುವುದು. ಮೋರಿಯ ತೂತು ಇದ್ದೇ ಇದೆ, ನಳ ಇದೆ. ಮಷಿನ್ನು ಆ ದೊಡ್ಡ ಬಾತ್‌ರೂಮಿಗೆ ಹೋಗಲಿ, ಅಲ್ಲಿ ಬೇಕಾದಷ್ಟು ಜಾಗ ಇದೆಯಲ್ಲ ಈಗ. ಇವರಿಗೆ ಬಿಸಿಲಿಗೆ ಮಷಿನ್ನು ಹಾಳಾಗುತ್ತದೆ ಎಂದು ಹೇಳಿದೆ. ಮೊನ್ನೆ ತಾನೇ ಎಲ್ಲ ಮಾಡಿಸಿ ಮತ್ತೆ ಶುರುವೇ, ನಿನ್ನ ತಲೆ ನೆಟ್ಟಗಿದೆಯೇ ಎಂದು ಕೇಳಿದರು. ಇಲ್ಲ ಎಂದೆ.

ಫೆಬ್ರವರಿ 23, ಭಾನುವಾರ

ಮಾಳಪ್ಪ ಬಂದು ನೋಡಿ ನಗಲೋ ಬೇಡವೋ ಎಂದು ನಿಂತ. "ಬಾಯಾರ, ಮೊದಲ ಗೋಡಿ ಕೆಡವು ಅಂದ್ರಿ, ಈಗ ಗೋಡಿ ಕಟ್ಟು ಅಂತೀರಿ. ನಂದೇನೈತಿ, ಎರಡೂ ಕಡೆ ಕೂಲಿ ನಂದಽ." ನಿಜ. ಆದರೆ ಈ ಸಲ ಖರ್ಚು ಮಾಡುವ ತಾಕತ್ತಿಲ್ಲ, ಇದ್ದುದರಲ್ಲೇ ಆಗಬೇಕು ಎಂದೆ. ಒಡೆದ ಗೋಡೆಯ ಇಟ್ಟಿಗೆಯಲ್ಲಿ ಗಟ್ಟಿಯಾದವನ್ನು ತಾರಸಿಯ ಗಚ್ಚಿ ಮೇಲೆ ಒಟ್ಟಿದ್ದ ರಾಶಿಯಿಂದ ಆರಿಸಿ ತಂದೆವು, ಅವನೂ ನಾನೂ. ಎದೆಮಟ್ಟ ಗೋಡೆ ಆಯಿತು, ಅದರ ಮೇಲೆ ಫೈಬರ್ ಶೀಟು. ಪ್ಯಾಸೇಜಿನಲ್ಲಿದ್ದ ಸಂಡಾಸದ ಬಾಗಿಲು ಸರಿಯಾಗಿ ಕೂರುತ್ತಿತ್ತು. ಆದರೆ ಅತ್ತೆ ಅದನ್ನು ಕಣ್ಣಲ್ಲೇ ಬೇಡವೆಂದರು, ನಾನು ಗುಜರಿಯವನಿಗೆ ಹಾಕಿ ಅವನಿಂದಲೇ ಬೇರೊಂದು ಹಳೆಯ ಬಾಗಿಲು ತಂದೆ. ಈಗ ಇಂಥದ್ದು ನನಗೂ ಹೇಳದೆಯೇ ತಿಳಿಯುತ್ತದೆ.

ನೆಲಕ್ಕೆ ಟೈಲ್ಸು ನೋಡಲು ಹೋಗುತ್ತಿದ್ದೆ. ನಾನೂ ಬರುತ್ತೇನೆ ಎಂದರು ಅತ್ತೆ. ರಿಕ್ಷಾದಲ್ಲಿ ಕೂರಿಸಿಕೊಂಡು ಹೋದೆ. ಹೊಳೆಯುವ ಟೈಲ್ಸಿನ ಸಾಲು ದಾಟಿ ಹಿಂದೆ ಅಂಗಳದಲ್ಲಿ ಗೋಡೆಗೆ ಒರಗಿಸಿದ್ದ ಶಹಾಬಾದ್ ಫರಸಿಯ ಹತ್ತಿರ ನಿಂತರು. ಚಪ್ಪಲಿ ಬಿಟ್ಟು ನೆಲಕ್ಕೆ ಬಿದ್ದಿದ್ದ ಒಂದು ತುಂಡಿನ ಮೇಲೆ ಅಂಗಾಲು ಒತ್ತಿ ತಿಕ್ಕಿದರು. ಇದು ನಮ್ಮ ಕಡೆಯ ಕಲ್ಲು, ಇದರ ಮೇಲೆ ಕಾಲು ಜಾರುವುದಿಲ್ಲ, ತವರಿನಲ್ಲಿ ಬಚ್ಚಲಿಗೆ ಇದೇ ಇತ್ತು ಎಂದರು. ಟೈಲ್ಸಿಗಿಂತ ಅಗ್ಗವೂ ಹೌದು. ಅಂಗಡಿಯವನಿಗೆ ಮರಾಠಿಯಲ್ಲಿ ಚೌಕಾಶಿ ಮಾಡಿದ್ದು ಮಾತ್ರ ನಾನು. ನಾಶಿಕದಾಕಿ ಮಾತಿನಾಗ ಗಟ್ಟಿ ಎಂದು ರಿಕ್ಷಾದಲ್ಲಿ ನಕ್ಕರು. ನಾನೂ ನಕ್ಕೆ.

ಇವರು ಕಾರ್ಖಾನೆಯ ವೆಲ್ಡರ್ ಗೆಳೆಯನ ಕೈಯಿಂದ ಹಳೆಯ ಪೈಪು ಬಗ್ಗಿಸಿ, ಹಿಡಿದು ಏಳಲು ಹಿಡಿಕೆ ಮಾಡಿಸಿ ತಂದಿದ್ದಾರೆ. ನಾನು ಕೇಳಿರಲೇ ಇಲ್ಲ. ಮಷಿನ್ನಿಗೆ ಹಿಡಿಕೆ ಯಾಕೆ ಎಂದು ನಾನೂ ಕೇಳಲಿಲ್ಲ.

ಫೆಬ್ರವರಿ 26, ಶಿವರಾತ್ರಿ

ಕಪಾಲೇಶ್ವರ ಗುಡಿಯ ದರ್ಶನದ ಸಾಲು ನಮ್ಮ ಓಣಿಯ ತುದಿಯವರೆಗೆ ಬಂದಿದೆ. ಹೊಸ ಬಚ್ಚಲಲ್ಲಿ ಅತ್ತೆಯ ಮೊದಲ ಜಳಕ ಇವತ್ತು. ಬಾಗಿಲು ಮುಚ್ಚಿ ಎಷ್ಟೋ ಹೊತ್ತು ಬರಲಿಲ್ಲ. ಬಿದ್ದರೇನೋ ಎಂದು ಹೆದರಿ ಬಾಗಿಲ ಹತ್ತಿರ ಹೋದರೆ ಒಳಗಿಂದ ಸಣ್ಣ ದನಿಯಲ್ಲಿ ಹಾಡು. ಬೇಸಿನ್ನಿನ ಹತ್ತಿರ ಹಲ್ಲುಜ್ಜುತ್ತಿದ್ದ ಇವರು ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟರು. ಅವ್ವ ಹಾಡಿದ್ದು ಕೇಳಿ ಯಾವ ಕಾಲವಾಗಿತ್ತೋ ಎಂದರು.

ನಾನೂ ಡಬ್ಬಿಯಿಂದ ಲಿಂಗ ತೆಗೆದು ಅವರ ಪಕ್ಕ ಕುಳಿತೆ. ಸುಮ್ಮನೆ, ಹಬ್ಬವೆಂದು.

ಮಾರ್ಚ್ 3, ಸೋಮವಾರ

ಅತ್ತೆಗೆ ಬೆಳಗಿನ ಹೊತ್ತು ಹಿಂಡಿ ಖಾರವಾಗಿರಬೇಕು, ಸಂಜೆಗೆ ಸಪ್ಪೆ. ಜೋಳ ಇಲ್ಲಿಯ ಗಿರಣಿಯಲ್ಲಿ ದಪ್ಪ ಬೀಸುತ್ತಾರೆ, ಹೇಳಿ ಸಣ್ಣಗೆ ಬೀಸಿಸಿದೆ. ಕುಪ್ಪಸದ ತೋಳು ಮೊದಲಿನ ಹಾಗೆ ಬಿಗಿ ಕೂರುತ್ತಿದೆ.

ಮಾರ್ಚ್ 7, ಶುಕ್ರವಾರ

ಗ್ರೂಪಿನಲ್ಲಿ ಭಾವ ಫೋಟೋ ಹಾಕಿದ್ದಾರೆ. ಹಿತ್ತಿಲ ಸಂಡಾಸ ಕೆಡವಿ ಎಲ್ಲವನ್ನೂ ಒಳಗೆ ತಂದಿದ್ದಾರೆ. ಅದೇ ಉದ್ದನೆಯ ಬಚ್ಚಲು, ಈಗ ಮೇಲಿಂದ ಕೆಳಗೆ ಹೊಳೆಯುವ ಟೈಲ್ಸು, ಶವರ್ರು, ಕನ್ನಡಿ. ಮತ್ತು ಜಳಕದ ಜಾಗದ ಎದುರಿಗೇ ಕಮೋಡು. ಕೆಳಗೆ ಈರಮ್ಮ ಅಕ್ಕ ಬರೆದಿದ್ದಾಳೆ: 'ಮಂಜುಶ್ರೀದು ನೋಡಿ ನಾವೂ ಮಾಡ್ಸೀವಿ. ಅವ್ವಗ ಸರಪ್ರೈಸ್.'

ಭಾನುವಾರ ಕರೆದುಕೊಂಡು ಹೋಗಲು ಬರುತ್ತಾರೆ. ಫೋನನ್ನು ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು, ಶಿವರಾಯ ಛಲೋ ಮಾಡಿಸಿದ್ದಾನೆ ಎಂದು ಫೋನು ವಾಪಸು ಕೊಟ್ಟರು. ಸಂಜೆ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದಾರೆ. ಅಲ್ಲಿಯೂ ನೆಲಕ್ಕೆ ನೀರು ಸುರಿಯುತ್ತಾರೆ, ಬಾಳೆಹಣ್ಣು ತಿನ್ನುತ್ತಾರೆ, ಛಂದ ಅದ ಎನ್ನುತ್ತಾರೆ. ಎಲ್ಲ ನನ್ನ ಒಂದು ಫೋಟೋದಿಂದ.

ಮಾರ್ಚ್ 9, ಭಾನುವಾರ

ಭಾವ ಬೆಳಗಿನ ಬಸ್ಸಿಗೇ ಬಂದರು. ಅತ್ತೆ ಅದಕ್ಕೂ ಮೊದಲೇ ಇಸ್ತ್ರಿ ಸೀರೆ ಉಟ್ಟು, ಚೀಲ ಕಾಲ ಹತ್ತಿರ ಇಟ್ಟುಕೊಂಡು ಕುಳಿತಿದ್ದರು. ಬಿಸಿನೀರು ಇಟ್ಟಿದ್ದೇನೆ ಎಂದರೆ, ಇವತ್ತು ಅಲ್ಲೇ ಹೋಗಿ ಮಾಡುತ್ತೇನೆ ಬಿಡು ಎಂದರು. ಅಲ್ಲಿ ಮಾಡುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಇವತ್ತು ಊಟವಿಲ್ಲ, ನಾಳೆಯೂ ಇಲ್ಲ.

ಭಾವ ಖುಷಿಯಲ್ಲಿದ್ದರು. ತಾಯಿಗೆಂದು ಮಾಡಿಸಿದ್ದನ್ನು ಬಾಯಿತುಂಬ ವರ್ಣಿಸುತ್ತಿದ್ದರು. ಪಾಪ, ಪ್ರೀತಿಯಿಂದಲೇ ಮಾಡಿಸಿದ್ದಾರೆ. ನಾನು ಚಹಾಕ್ಕೆ ಇಟ್ಟಿದ್ದ ನೀರನ್ನು ಒಲೆಯ ಮೇಲೆಯೇ ಬಿಟ್ಟು ಹೊರಗೆ ಬಂದೆ.

"ಭಾವ, ಅತ್ತಿ ನಿಮ್ಮ ಬಾತ್‌ರೂಮಿನಾಗ ಜಳಕ ಮಾಡಾಂಗಿಲ್ಲರಿ. ನನ್ನದರಾಗೂ ಮಾಡ್ಲಿಲ್ಲ. ಲಿಂಗ ಕಟ್ಕೊಂಡು ಸಂಡಾಸದ ಮುಂದ ಕೂಡೂದು ಅವರಿಂದ ಆಗಾಂಗಿಲ್ಲ. ಒಂದ ವಾರ ಅವರು ನನ್ನ ಮನ್ಯಾಗ ಊಟ ಮಾಡಿಲ್ಲ, ನನಗ ತಿಳೀಲಿಲ್ಲ. ಗೋಡಿ ಒಡಸಿದ್ದು ನಾ, ಅದನ್ನ ನೋಡಿ ನೀವು ಮಾಡ್ಸೀರಿ. ತಪ್ಪು ನಂದು."

ಇವರು ಪೇಪರು ಕೆಳಗಿಟ್ಟರು. ಭಾವನ ಮುಖ ಕೆಂಪಾಯಿತು. ಈಗಿನ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹೀಗೆಯೇ ಇದೆ, ಇಷ್ಟು ಖರ್ಚಾದ ಮೇಲೆ ಈ ಮಾತೇ, ಅವ್ವ ಒಂದು ದಿನವೂ ಹೇಳಿಲ್ಲವಲ್ಲ ಎಂದು ದನಿ ಏರಿಸಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ಅವ್ವಾ, ಈಕಿ ಹೇಳೂದು ಖರೇನು?"

ಅತ್ತೆ ನನ್ನನ್ನು ನೋಡಿದರು. ಮಾತು ಮುರಿದಿದ್ದಕ್ಕೆ ಸಿಟ್ಟಾಗಿದ್ದಾರೆ ಎಂದುಕೊಂಡೆ. ನಾನೂ ತಲೆ ತಗ್ಗಿಸಲಿಲ್ಲ. ಅವರು ಕೋಲು ಊರಿ ಎದ್ದರು. ಭಾವ ಚೀಲ ಎತ್ತಿಕೊಂಡರು, ಬಸ್ಸಿಗೆ ಹೊತ್ತಾಯಿತು ಎಂದರು. ಅತ್ತೆ ಬಾಗಿಲ ಕಡೆ ಹೋಗಲಿಲ್ಲ. ಅಡುಗೆಮನೆ ದಾಟಿ ಹೋದರು. ಫರಸಿಯ ಮೇಲೆ ಕೋಲು ಇಟ್ಟಿದ್ದು ಕೇಳಿಸಿತು, ಕೊಡದಿಂದ ನೀರು ತೋಡಿದ್ದು ಕೇಳಿಸಿತು. ಹೊರಗೆ ನಾವು ಮೂವರೂ ನಿಂತೇ ಇದ್ದೆವು.

"ಮಂಜೂ, ಬೆನ್ನ ತಿಕ್ಕ ಬಾ."

ಭಾವ ನನ್ನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಚೀಲ ನೋಡಿಕೊಂಡು ಅದನ್ನು ಕೆಳಗಿಟ್ಟರು. ನಾನು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಚಹಾ ಇವರೇ ಮಾಡಿ ಅಣ್ಣನಿಗೆ ಕೊಟ್ಟರಂತೆ.